ಬೈಲಕುಪ್ಪೆಯ ಅಜ್ಜಿಯ ಮುಂದೆ ಕ್ಯಾಮೆರಾ ಇಡುವ ಮುನ್ನ

1799ರ ಮೇ 4ರಂದು ಶ್ರೀರಂಗಪಟ್ಟಣ ಕಂಪನಿ ಸೇನೆಯ ಕೈ ಸೇರಿತು. ಆ ರಾತ್ರಿ ಊರೊಳಗೆ ಎಷ್ಟು ಮನೆಯಲ್ಲಿ ಒಲೆ ಹೊತ್ತಿತು, ಮಾರನೇ ದಿನ ನೀರಿಗೆ ಹೊರಟವರು ಯಾರು, ಮುಂದಿನ ವಾರ ಅಕ್ಕಿಯನ್ನು ಯಾವ ನಾಣ್ಯ ಕೊಟ್ಟು ತಂದರು ಎಂದು ಕೇಳಿದರೆ ಹೇಳುವವರಿಲ್ಲ. ಗೆದ್ದವರ ಪತ್ರ, ವರದಿ, ಚಿತ್ರಪಟಗಳು ಮಾತ್ರ ಬೇಕಾದಷ್ಟಿವೆ. ಅದೇ ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಎಂಬತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಬೈಲಕುಪ್ಪೆಯಲ್ಲಿ, ಪರರ ಸೈನ್ಯ ಬಂದು ಬೀಡುಬಿಟ್ಟ ಊರಲ್ಲಿ ದಿನ ದೂಡಿ ಟಿಬೆಟ್‌ನಿಂದ ಬಂದ ಜನ ಇನ್ನೂ ಇದ್ದಾರೆ. ಅಲ್ಲಿ ದಂಗೆ ಎದ್ದ 1959ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಕಾಯುವಷ್ಟು ಪುರುಸೊತ್ತಿಲ್ಲ.

ಮೈಸೂರು, ಮಂಡ್ಯ ಕಡೆಯಿಂದ ಇಬ್ಬರೋ ಮೂವರೋ ಸೇರಿ, ಒಂದು ಕ್ಯಾಮೆರಾ ಇಟ್ಟುಕೊಂಡು, ಇಂಥವರ ಬದುಕಿನ ಬಗ್ಗೆ ಮೂವತ್ತು ನಲವತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಲು ಹೊರಟವರಿಗಾಗಿ ಈ ಬರಹ. ಇಡೀ ಕೆಲಸ ನಿಂತಿರುವುದು ಒಂದೇ ಮಾತಿನ ಮೇಲೆ: ಯುದ್ಧ ಕೇಳಬೇಡಿ, ದಿನಚರಿ ಕೇಳಿ. ಯುದ್ಧದ ಕಥೆ ಪುಸ್ತಕದಲ್ಲಿದೆ. ಸೈನಿಕರು ಬೀದಿಯಲ್ಲಿ ಓಡಾಡುತ್ತಿದ್ದಾಗ ಮನೆಯಲ್ಲಿ ಚಹಾಕ್ಕೆ ಬೆಣ್ಣೆ ಎಲ್ಲಿಂದ ಬಂತು ಎನ್ನುವುದು ಅವರ ತಲೆಯಲ್ಲಿ ಮಾತ್ರ ಇದೆ.

ಮನೆಪಾಠ: ಇಸವಿಯ ಲೆಕ್ಕ

ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿಗೆ ಕಾಲಿಡುವ ಮೊದಲು ಒಂದು ಹಾಳೆಯ ಮೇಲೆ ಇಷ್ಟನ್ನು ಬರೆದುಕೊಳ್ಳಿ. 1950ರ ಅಕ್ಟೋಬರ್‌ನಲ್ಲಿ ಚೀನಾ ಸೇನೆ ಪೂರ್ವ ಟಿಬೆಟ್‌ನ ಚಾಮ್ಡೊ ಹಿಡಿಯಿತು. 1951ರ ಮೇ 23ರಂದು ಬೀಜಿಂಗ್‌ನಲ್ಲಿ, ಟಿಬೆಟನ್ನು ಚೀನಾಕ್ಕೆ ಸೇರಿಸುವ ಹದಿನೇಳು ಅಂಶಗಳ ಒಪ್ಪಂದಕ್ಕೆ ಸಹಿ ಬಿತ್ತು. ಅದೇ ವರ್ಷ ರಾಜಧಾನಿ ಲಾಸಾಕ್ಕೆ ಸಾವಿರಾರು ಸೈನಿಕರು ಬಂದರು. ಅಷ್ಟು ಬಾಯಿಗೆ ಧಾನ್ಯ ಸಾಲದೆ ಪೇಟೆಯಲ್ಲಿ ಬೆಲೆ ಏರಿತು. 1954ರ ಡಿಸೆಂಬರ್‌ನಲ್ಲಿ ಚೀನಾದ ಕಡೆಯಿಂದ ಎರಡು ಹೆದ್ದಾರಿಗಳು ಲಾಸಾ ಮುಟ್ಟಿದವು. 1956ರ ಹೊತ್ತಿಗೆ ಖಾಮ್ ಪ್ರಾಂತ್ಯದಲ್ಲಿ ದಂಗೆ ಎದ್ದಿತ್ತು. 1959ರ ಮಾರ್ಚ್ 10ರಂದು ಲಾಸಾದಲ್ಲೂ ದಂಗೆ ಎದ್ದಿತು. 17ರ ರಾತ್ರಿ ಲಾಸಾ ಬಿಟ್ಟ ದಲೈ ಲಾಮಾ 31ರಂದು ಭಾರತದ ಗಡಿ ದಾಟಿದರು. ಹಿಂದೆಯೇ ಬಂದವರಲ್ಲಿ ಬಹಳ ಜನ ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ತಂಗಿದರು. ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟ ಮೇಲೆ 1961ರಲ್ಲಿ ಬೈಲಕುಪ್ಪೆಯ ಮೊದಲ ವಸತಿ ಲುಗ್ಸುಂ ಸಾಮ್ಡುಪ್ಲಿಂಗ್ ಎದ್ದಿತು. 1969ರಲ್ಲಿ ಎರಡನೆಯದು, ಡಿಕಿ ಲಾರ್ಸೊ.

ಈ ಹಾಳೆ ಅವರಿಗೆ ಓದಿ ಹೇಳಲಿಕ್ಕಲ್ಲ. ಅವರು ಹೇಳಿದ ಮಾತನ್ನು ಎಲ್ಲಿ ನಿಲ್ಲಿಸಬೇಕು ಎಂದು ನಿಮಗೆ ತಿಳಿಯಲಿಕ್ಕೆ. ಯಾಕೆಂದರೆ ಹಿರಿಯರು ಇಸವಿ ಹೇಳುವುದಿಲ್ಲ. 'ಮಣ್ಣು-ಹಂದಿ ವರ್ಷದಲ್ಲಿ ಹೊರಟ್ವಿ' ಅನ್ನುತ್ತಾರೆ. ಇದನ್ನು ಕೇಳಿ ಗಾಬರಿಯಾಗಬೇಡಿ. ನಮ್ಮ ಪ್ರಭವ ವಿಭವದ ಹಾಗೇ ಅವರದೂ ಅರವತ್ತು ವರ್ಷದ ಚಕ್ರ. ಇನ್ನೂ ಚೆಂದವೆಂದರೆ ಎರಡೂ ಒಟ್ಟಿಗೇ ಶುರುವಾಗುತ್ತವೆ: ಅವರ ಬೆಂಕಿ-ಮೊಲ ನಮ್ಮ ಪ್ರಭವ. ಹಾಗಾಗಿ ಹಳೆ ಪಂಚಾಂಗ ಗೊತ್ತಿರುವ ಮನೆಯ ಹಿರಿಯರು ಬಾಯಲ್ಲೇ ಲೆಕ್ಕ ಹಾಕಿ ಕೊಟ್ಟಾರು. 1950 ಕಬ್ಬಿಣ-ಹುಲಿ, ನಮ್ಮ ವಿಕೃತಿ. 1951 ಕಬ್ಬಿಣ-ಮೊಲ, ಖರ. 1954 ಮರ-ಕುದುರೆ, ಜಯ. 1956 ಬೆಂಕಿ-ಮಂಗ, ದುರ್ಮುಖಿ. 1959 ಮಣ್ಣು-ಹಂದಿ, ವಿಕಾರಿ. ಅವರ ಹೊಸ ವರ್ಷ ಲೋಸಾರ್ ನಮ್ಮ ಯುಗಾದಿಗಿಂತ ತಿಂಗಳೆರಡು ತಿಂಗಳು ಮುಂಚೆ ಬರುತ್ತದೆ, ಅಷ್ಟನ್ನು ನೆನಪಿಡಿ.

ವಯಸ್ಸಿನಲ್ಲೂ ಒಂದು ತೊಡಕಿದೆ. ಹುಟ್ಟಿದ ಕೂಡಲೇ ಒಂದು ವರ್ಷ, ಲೋಸಾರ್ ಬಂದಾಗಲೆಲ್ಲ ಇನ್ನೊಂದು ಎಂದು ಎಣಿಸುವ ವಾಡಿಕೆ. 'ಆಗ ನಂಗೆ ಹನ್ನೆರಡು' ಅಂದರೆ ನಮ್ಮ ಲೆಕ್ಕದಲ್ಲಿ ಹತ್ತೋ ಹನ್ನೊಂದೋ. ಚಿತ್ರದಲ್ಲಿ ಹೆಸರಿನ ಕೆಳಗೆ ವಯಸ್ಸು ಹಾಕುವಾಗ ಇಲ್ಲೇ ಎಡವುವುದು. ವಯಸ್ಸು ಬಿಡಿ, ಹುಟ್ಟಿದ ಪ್ರಾಣಿ ವರ್ಷ ಕೇಳಿ, ಅದು ತಪ್ಪುವುದಿಲ್ಲ.

ಯಾವಾಗ ಹೋಗುವುದು, ಯಾರನ್ನು ಕೇಳುವುದು

ಜೂನ್‌ನಿಂದ ಸೆಪ್ಟೆಂಬರ್ ಬೇಡ. ಕೊಡಗಿನ ಮಗ್ಗುಲ ಊರು, ಶೀಟಿನ ಮನೆ. ಮಳೆ ಸುರಿದರೆ ಮಾತು ದಾಖಲಾಗುವುದಿಲ್ಲ. ಚಳಿಗಾಲದಲ್ಲಿ ಮನೆಯ ದುಡಿಯುವ ಮಂದಿ ಸ್ವೆಟರ್ ವ್ಯಾಪಾರಕ್ಕೆ ದೂರದ ಊರುಗಳಿಗೆ ಹೋಗಿರುತ್ತಾರೆ. ಅಜ್ಜ ಅಜ್ಜಿ ಮನೆಯಲ್ಲೇ ಇರುತ್ತಾರೆ, ಆದರೆ ಒಪ್ಪಿಗೆ ಕೊಡಬೇಕಾದ ಮಗಳು, ಪಕ್ಕದಲ್ಲಿ ಕೂರಬೇಕಾದ ಮೊಮ್ಮಗ ಇರುವುದಿಲ್ಲ. ಲೋಸಾರ್ ಹದಿನೈದು ದಿನವೂ ಬೇಡ. ಉಳಿದ ಫೆಬ್ರವರಿ ಕೊನೆಯಿಂದ ಮೇ ನಡುವಿನ ಕಾಲ ಹದ. ಮಾರ್ಚ್ 10ರ ಸ್ಮರಣೆಯ ದಿನ ಕ್ಯಾಂಪಿನಲ್ಲಿರಿ, ಆದರೆ ಸಂದರ್ಶನಕ್ಕೆ ಅದು ಕೆಟ್ಟ ದಿನ. ಅವತ್ತು ಎಲ್ಲರ ಬಾಯಲ್ಲೂ ವೇದಿಕೆಯ ಮಾತೇ ಬರುತ್ತದೆ.

ಮೊದಲ ಭೇಟಿ ವಸತಿಯ ಅಧಿಕಾರಿಯ ಕಚೇರಿಗೆ. ಒಂದು ಪುಟದ ಪತ್ರ ಸಾಕು: ಯಾರು, ಏನು, ಎಷ್ಟು ದಿನ, ಎಲ್ಲಿ ತೋರಿಸುತ್ತೀರಿ. ಭಾರತೀಯರು ಕ್ಯಾಂಪಿಗೆ ಹೋಗಿ ಬರಲು ವಿಶೇಷ ಪರವಾನಗಿ ಬೇಕಿಲ್ಲ. ತಂಡದಲ್ಲಿ ವಿದೇಶಿ ಪಾಸ್‌ಪೋರ್ಟಿನವರಿದ್ದರೆ ಅವರು ಅಲ್ಲಿ ಉಳಿಯಲು ಸಂರಕ್ಷಿತ ಪ್ರದೇಶದ ಪರವಾನಗಿಯನ್ನು ಕೇಂದ್ರ ಗೃಹ ಇಲಾಖೆಯಿಂದ ಪಡೆಯಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ, ಮುಂಚೆಯೇ ಅರ್ಜಿ ಹಾಕಿ. ಮಠಗಳಲ್ಲಿ ಚಿತ್ರೀಕರಣಕ್ಕೆ ಆಯಾ ಮಠದ ಕಚೇರಿಯ ಅನುಮತಿ ಬೇರೆ. ಸ್ವರ್ಣಮಂದಿರದ ಮೇಲೆ ಡ್ರೋನ್ ಹಾರಿಸುವ ಆಸೆ ಇದ್ದರೆ ಇಲ್ಲಿಗೇ ಬಿಡಿ. ಆ ದೃಶ್ಯ ಪ್ರವಾಸದ ವಿಡಿಯೊಗಳಲ್ಲಿ ಸಾವಿರ ಸಲ ಬಂದಿದೆ, ನಿಮ್ಮ ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಹತ್ತು ಹನ್ನೆರಡು ಜನರನ್ನು ಕ್ಯಾಮೆರಾ ಇಲ್ಲದೆ ಭೇಟಿಯಾಗಿ. ನಾಲ್ಕೈದು ಮಂದಿಯನ್ನು ಆರಿಸಿ. ಚೆನ್ನಾಗಿ ಮಾತಾಡುವವರನ್ನೇ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಪತ್ರಿಕೆಯವರಿಗೆ ಹೇಳಿ ಹೇಳಿ ಅವರ ಕಥೆಗೆ ಪಾಲಿಶ್ ಬಂದಿರುತ್ತದೆ. ಪಕ್ಕದ ಮನೆಯಲ್ಲಿ 'ನಂಗೇನೂ ಗೊತ್ತಿಲ್ಲಪ್ಪ, ನಾನು ಕುರಿ ಕಾಯ್ತಿದ್ದೆ' ಅನ್ನುವ ಅಜ್ಜ ಸಿಕ್ಕರೆ ಬಿಡಬೇಡಿ. ಕುರಿ ಕಾಯುವವನಿಗೆ ಯಾವ ಗುಡ್ಡ ಯಾವ ತಿಂಗಳು ಮುಚ್ಚಿತು ಎಂದು ಗೊತ್ತಿರುತ್ತದೆ. ಬೈಲಕುಪ್ಪೆಯಲ್ಲಿ ಸಾಲದಿದ್ದರೆ ಹುಣಸೂರು ತಾಲ್ಲೂಕಿನ ಗುರುಪುರ, ಹನೂರು ಕಡೆಯ ಒಡೆಯರಪಾಳ್ಯಗಳಲ್ಲೂ ಟಿಬೆಟನ್ ವಸತಿಗಳಿವೆ.

ಬರಿಗೈಲಿ ಹೋಗಬೇಡಿ. ಹಣ್ಣು, ಬಿಸ್ಕತ್ತು, ಒಂದು ಬಿಳಿ ಖತಾ (ಗೌರವಕ್ಕೆ ಕೊಡುವ ಶಲ್ಯ). ಅಜ್ಜಿಯನ್ನು 'ಮೊ-ಲಾ', ಅಜ್ಜನನ್ನು 'ಪೊ-ಲಾ' ಅನ್ನಿ. ಹೇಳಿಕೆಗೆ ದುಡ್ಡು ಕೊಡಬೇಡಿ; ಕೊಟ್ಟರೆ ಮುಂದಿನ ಮನೆಯ ಕಥೆ ನಿಮ್ಮ ಮನಸ್ಸಿಗೆ ಬೇಕಾದಂತೆ ಬರತೊಡಗುತ್ತದೆ. ದುಭಾಷಿಗೆ ಮಾತ್ರ ದಿನಗೂಲಿ ಮಾತಾಡಿ, ಅವತ್ತೇ ಕೊಡಿ.

ದುಭಾಷಿ: ಚಿತ್ರ ಕೆಡುವುದು ಹೆಚ್ಚಾಗಿ ಇಲ್ಲೇ

ಕೆಲವು ಹಿರಿಯರಿಗೆ ಸಂತೆಯ ಕನ್ನಡ ಬರುತ್ತದೆ. ಜೋಳದ ಬೆಲೆ ಮಾತಾಡುವಷ್ಟು ಕನ್ನಡದಲ್ಲಿ ಅಣ್ಣ ಸತ್ತದ್ದನ್ನು ಹೇಳಿ ಅನ್ನುವುದು ಅನ್ಯಾಯ. ಅವರ ಮಾತಿನಲ್ಲೇ ಹೇಳಲಿ.

ಇನ್ನು, ಟಿಬೆಟನ್ ಭಾಷೆ ಅಂದರೆ ಒಂದೇ ಅಲ್ಲ. ಲಾಸಾದ ಮಾತು, ಖಾಮಿನವರ ಮಾತು, ಆಮ್ಡೊದವರ ಮಾತು ಬೇರೆ ಬೇರೆ. ಇಲ್ಲೇ ಹುಟ್ಟಿ ಓದಿದ ಹುಡುಗನಿಗೆ ಆಮ್ಡೊ ಅಜ್ಜನ ಮಾತು ಅರ್ಧ ತಿಳಿಯದಿರಬಹುದು, ಸಂಕೋಚಕ್ಕೆ ಅವನು ಅದನ್ನು ಹೇಳುವುದೂ ಇಲ್ಲ. ಮೊದಲ ಭೇಟಿಯಲ್ಲೇ ಹಿರಿಯರ ಊರು ಕೇಳಿ, ಆ ಕಡೆಯ ಮನೆತನದ ದುಭಾಷಿಯನ್ನು ಹುಡುಕಿ.

ಆಮೇಲಿನ ತೊಂದರೆ ಇದು. ಅಜ್ಜಿ ಎರಡು ನಿಮಿಷ ಮಾತಾಡುತ್ತಾರೆ. ಕೈ ಎತ್ತಿ ಏನೋ ಅಳತೆ ತೋರಿಸುತ್ತಾರೆ, ನಗುತ್ತಾರೆ, ಸುಮ್ಮನಾಗುತ್ತಾರೆ. ದುಭಾಷಿ ನಿಮ್ಮ ಕಡೆ ತಿರುಗಿ ಹೇಳುತ್ತಾನೆ: 'ತುಂಬಾ ಕಷ್ಟ ಇತ್ತಂತೆ.' ಆ ಅಳತೆ ಯಾವುದರದು, ನಕ್ಕಿದ್ದು ಯಾಕೆ, ಎಲ್ಲ ಹೋಯಿತು. ನೀವು ಮುಂದಿನ ಪ್ರಶ್ನೆ ಕೇಳುವುದು ಆ ಮೂರು ಪದಕ್ಕೆ. ಪರಿಹಾರ ಸುಲಭ: ಮನೆಯಲ್ಲಿ ಅನುವಾದ ಮಾಡಿಸಲೇಬೇಡಿ. ಹಿಂದಿನ ದಿನ ದುಭಾಷಿಯ ಜೊತೆ ಕೂತು ಪ್ರಶ್ನೆಗಳನ್ನು ಒಂದೊಂದಾಗಿ ಮಾತಾಡಿ, ಯಾವ ಪ್ರಶ್ನೆ ಯಾಕೆ ಎಂದು ತಿಳಿಸಿ. ಚಿತ್ರೀಕರಣದ ದಿನ ಅವನೇ ಕೇಳಲಿ, ಅವನೇ ತಲೆಯಾಡಿಸಲಿ, ಅವನಿಗೇ ಅಜ್ಜಿ ಹೇಳಲಿ. ನೀವು ಕ್ಯಾಮೆರಾದ ಹಿಂದೆ ಚೀಟಿ ಹಿಡಿದು ಬಾಯಿ ಮುಚ್ಚಿಕೊಂಡಿರಿ. ಅವನ ಕಣ್ಣು ಲೆನ್ಸಿನ ಎಡಕ್ಕೋ ಬಲಕ್ಕೋ ಒಂದು ಗೇಣು ದೂರದಲ್ಲಿ, ಅದೇ ಎತ್ತರಕ್ಕೆ ಇರಬೇಕು. ಅವನು ಕೋಣೆಯ ಮೂಲೆಯಲ್ಲಿ ಕೂತರೆ ಅಜ್ಜಿಯ ಮುಖದ ಪಕ್ಕಭಾಗವಷ್ಟೇ ನಿಮಗೆ ಸಿಗುವುದು. ಅರ್ಧ ಗಂಟೆಗೊಮ್ಮೆ ಚಹಾದ ಬಿಡುವಿನಲ್ಲಿ ಹೊರಗೆ ಹೋಗಿ ಮುಖ್ಯ ವಿಷಯ ಕೇಳಿಕೊಳ್ಳಿ, ಕೈಬಿಟ್ಟದ್ದನ್ನು ಸೇರಿಸಿ.

ಪದಪದದ ಅನುವಾದ ಆಮೇಲೆ. ಒಂದು ಗಂಟೆಯ ಮಾತಿಗೆ ಆರೆಂಟು ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ಇದಕ್ಕೆ ಹಣ ಎತ್ತಿಡದೆ ಕ್ಯಾಮೆರಾ ಬಾಡಿಗೆಗೇ ಎಲ್ಲ ಸುರಿದು, ಕೊನೆಗೆ ಏನು ಹೇಳಿದ್ದಾರೆಂದೇ ತಿಳಿಯದ ಹದಿನೈದು ಗಂಟೆ ಫುಟೇಜ್ ಇಟ್ಟುಕೊಂಡು ಕೂರುವ ತಂಡಗಳೇ ಹೆಚ್ಚು.

ಒಪ್ಪಿಗೆ, ಮತ್ತು ಮುಖ ಮರೆಸುವುದು

ಇಲ್ಲಿ ಕೂತ ಅಜ್ಜಿಯ ತಂಗಿಯ ಮಕ್ಕಳು ಅಲ್ಲಿ, ಟಿಬೆಟ್‌ನಲ್ಲೇ ಇರಬಹುದು. ಅಜ್ಜಿಗೆ ಇಲ್ಲಿ ಏನೂ ಆಗದು. ಚಿತ್ರ ಇಂಟರ್ನೆಟ್ಟಿಗೆ ಏರಿದ ಮೇಲೆ ಅಲ್ಲಿರುವವರ ಮನೆ ಬಾಗಿಲಿಗೆ ಯಾರಾದರೂ ಬರಬಹುದು. ಹಾಗಾಗಿ 'ಅಭ್ಯಂತರ ಇಲ್ಲ ತಾನೆ?' ಅನ್ನುವ ಒಪ್ಪಿಗೆ ಸಾಲದು. ಅಲ್ಲಿ ಯಾರಿದ್ದಾರೆ ಎಂದು ಮೊದಲು ಕೇಳಿ, ಕ್ಯಾಮೆರಾ ಆಫ್ ಆಗಿರುವಾಗ. ಆಮೇಲೆ ಮೂರು ದಾರಿ ಮುಂದಿಡಿ: ಮುಖ ಮತ್ತು ಧ್ವನಿ ಎರಡೂ, ಮುಖ ಇಲ್ಲದೆ ಧ್ವನಿ ಮಾತ್ರ, ಎರಡೂ ಇಲ್ಲದೆ ಮಾತು ಬೇರೆಯವರ ಬಾಯಲ್ಲಿ. ಪತ್ರ ಟಿಬೆಟನ್‌ನಲ್ಲೇ ಇರಲಿ, ಗಟ್ಟಿಯಾಗಿ ಓದಿಸಿ, ಓದಿಸಿದ್ದನ್ನು ದಾಖಲಿಸಿ. ಎಡಿಟ್ ಮುಗಿಯುವ ತನಕ ಹಿಂದೆಗೆಯಬಹುದು ಎಂದು ದಿನಾಂಕ ಸಮೇತ ಬರೆಯಿರಿ.

ಮುಖ ಬೇಡ ಅಂದವರ ಮುಖವನ್ನು ಶೂಟ್ ಮಾಡಿ ಆಮೇಲೆ ಮಸುಕು ಮಾಡುತ್ತೇವೆ ಅನ್ನಬೇಡಿ. ತಲೆ ಅಲುಗಿದಾಗ ಮಸುಕು ಜಾರಿ ಎರಡು ಮೂರು ಫ್ರೇಮ್ ಬಯಲಾಗುತ್ತದೆ. ಅಷ್ಟು ಸಾಕು, ಯಾರಾದರೂ ನಿಲ್ಲಿಸಿ ನೋಡಲು. ಮುಖ ಇಲ್ಲದ ಚಿತ್ರವನ್ನೇ ತೆಗೆಯಿರಿ: ಕೈ, ಜಪಸರ, ಸ್ಟೌ ಮೇಲಿನ ಪಾತ್ರೆ. ಧ್ವನಿಯನ್ನು ದಪ್ಪ ಮಾಡುವ ಉಪಾಯವೂ ನಂಬಿಕೆಗೆ ಯೋಗ್ಯವಲ್ಲ, ಅದೇ ಸಾಫ್ಟ್‌ವೇರ್‌ನಲ್ಲಿ ತಿರುಗಿಸಿ ಮೂಲಕ್ಕೆ ತರಬಹುದು. ಬೇರೊಬ್ಬರಿಂದ ಓದಿಸಿ. ಗೋಡೆಯ ಮೇಲಿನ ಮದುವೆ ಫೋಟೊ, ಬಾಗಿಲ ನಂಬರು, ಮೊಮ್ಮಗನ ಶಾಲೆಯ ಸಮವಸ್ತ್ರ ಕೂಡ ಗುರುತು ಹೇಳುತ್ತವೆ. ಫೈಲಿಗೆ ಹೆಸರಿಡಬೇಡಿ, 'ಬಿ-07' ಸಾಕು. ಯಾವ ನಂಬರ್ ಯಾರು ಎಂಬ ಪುಸ್ತಕ ಬೇರೆ ಮನೆಯಲ್ಲಿರಲಿ. ಮೊಬೈಲಲ್ಲಿ ತೆಗೆದರೆ ಸ್ಥಳ ದಾಖಲಿಸುವ ಆಯ್ಕೆಯನ್ನೂ, ತಾನಾಗಿ ಇಂಟರ್ನೆಟ್ಟಿನ ಕ್ಲೌಡ್‌ಗೆ ಏರಿಸುವ ಆಯ್ಕೆಯನ್ನೂ ಹೊರಡುವ ಮೊದಲೇ ಆಫ್ ಮಾಡಿ.

ಕೋಣೆ, ಬೆಳಕು, ಧ್ವನಿ

ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆ. ಅಷ್ಟರಲ್ಲಿ ಪ್ರದಕ್ಷಿಣೆ ಮುಗಿಸಿ ಬಂದು ಚಹಾ ಕುಡಿದಿರುತ್ತಾರೆ. ಒಂದು ಸಲಕ್ಕೆ ಒಂದೂಕಾಲು ಗಂಟೆ ಮೀರಬೇಡಿ, ಮಾರನೇ ದಿನ ಮತ್ತೆ ಹೋಗಿ. ಎರಡನೇ ದಿನವೇ ಒಳ್ಳೆಯ ಮಾತು ಬರುವುದು. ರಾತ್ರಿಯೆಲ್ಲ ನೆನೆಸಿಕೊಂಡಿರುತ್ತಾರೆ.

ನಮ್ಮ ಕರೆಂಟು 50 ಹರ್ಟ್ಸ್. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಮೊಬೈಲು, ಅಗ್ಗದ ಕ್ಯಾಮೆರಾಗಳು ಹೊಸದರಲ್ಲಿ 30ರಲ್ಲಿರುತ್ತವೆ. ಹಾಗೇ ಬಿಟ್ಟರೆ ಟ್ಯೂಬ್‌ಲೈಟಿನ ಕೋಣೆಯಲ್ಲಿ ಚಿತ್ರದ ಮೇಲೆ ಪಟ್ಟೆಗಳು ಹರಿಯುತ್ತವೆ, ಆಮೇಲೆ ತೆಗೆಯುವುದು ಸುಲಭವಲ್ಲ. ಟ್ಯೂಬ್ ಆರಿಸಿ, ಕಿಟಕಿಯಿಂದ ಮೂರ್ನಾಲ್ಕು ಅಡಿ ದೂರಕ್ಕೆ ಕೂರಿಸಿದರೆ ದೀಪವೇ ಬೇಕಿಲ್ಲ. ಹಿನ್ನೆಲೆ ಮಸುಕಾಗಲೆಂದು ಅಪರ್ಚರ್ 1.8ಕ್ಕೆ ತೆರೆಯುವ ಚಾಳಿ ಬಿಡಿ. ಜಪ ಮಾಡುತ್ತಾ ಹಿಂದೆ ಮುಂದೆ ತೂಗುವ ಹಿರಿಯರ ಕಣ್ಣು ಕ್ಷಣಕ್ಕೊಮ್ಮೆ ಫೋಕಸ್ ತಪ್ಪುತ್ತದೆ. 4 ಇಡಿ. ಅವರು ಕೂರುವುದು ಗಾಲೀಚೆ ಹಾಸಿದ ತಗ್ಗು ಮಂಚದ ಮೇಲೆ. ನಿಮ್ಮ ಟ್ರೈಪಾಡ್ ಅಷ್ಟು ಕೆಳಗೆ ಇಳಿಯುತ್ತದೆಯೇ ಎಂದು ಮೈಸೂರಿನಲ್ಲೇ ನೋಡಿಕೊಳ್ಳಿ. ಮೇಲಿನಿಂದ ಕೆಳಕ್ಕೆ ನೋಡುವ ಕ್ಯಾಮೆರಾ ಪೊಲೀಸ್ ವಿಚಾರಣೆಯಂತೆ ಕಾಣುತ್ತದೆ, ಈ ವಿಷಯಕ್ಕಂತೂ ಅದು ಆಗದು.

ಚಿತ್ರ ಸ್ವಲ್ಪ ಕೆಟ್ಟರೂ ನಡೆದೀತು, ಧ್ವನಿ ಕೆಟ್ಟರೆ ಮುಗಿಯಿತು. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಅವರು ತೊಡುವ ಉದ್ದನೆಯ ಟಿಬೆಟನ್ ಉಡುಪು ಛುಪಾದ ಮಡಿಕೆ ಎದೆಯ ಮೇಲೆ ಅಡ್ಡ ಬರುತ್ತದೆ, ಬಟ್ಟೆ ಮೈಕಿಗೆ ಉಜ್ಜಿ ಕರಕರ ಅನ್ನುತ್ತದೆ. ಮಡಿಕೆ ಬಿಟ್ಟು ಒಳಗಿನ ರವಿಕೆಯ ಅಂಚಿಗೆ ಹಾಕಿ, ತಂತಿಗೆ ಒಂದು ಸಡಿಲ ಸುತ್ತು ಕೊಟ್ಟು ಟೇಪ್ ಹಚ್ಚಿ. ಕೊರಳ ಜಪಸರವೋ ತಾಯತವೋ ಮೈಕಿಗೆ ಬಡಿಯುತ್ತಿದ್ದರೆ ತೆಗೆಯಿರಿ ಅನ್ನಬೇಡಿ, ಮೈಕನ್ನೇ ಸರಿಸಿ. ತಲೆಯ ಮೇಲೆ ಎರಡಡಿ ಎತ್ತರದಲ್ಲಿ ಇನ್ನೊಂದು ಮೈಕ್ ಇದ್ದರೆ ನೆಮ್ಮದಿ. 48 ಕಿಲೋಹರ್ಟ್ಸ್, 24 ಬಿಟ್. ಜೋರು ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಮಾತಿನ ನಡುವೆ ಮಂತ್ರದ ಗುನುಗು ಬರುತ್ತದೆ. ಅದನ್ನು ನಿಲ್ಲಿಸಲು ಹೋಗಬೇಡಿ, ಅವರು ಉಸಿರಾಡುವ ರೀತಿಯೇ ಅದು. ಕತ್ತರಿಸಲು ಜಾಗ ಸಿಗದೆ ಎಡಿಟರ್ ಗೊಣಗಲಿ.

ಫ್ಯಾನ್ ಆರಿಸಿ. ಫ್ರಿಜ್ ಆರಿಸಿ, ಆರಿಸುವಾಗ ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗಿಡಿ. ಇಲ್ಲದಿದ್ದರೆ ಹಾಕುವುದನ್ನು ಮರೆತು ಹೊರಟುಬಿಡುತ್ತೀರಿ, ಸಂಜೆ ಅವರ ಮನೆಯ ಹಾಲು ಒಡೆಯುತ್ತದೆ. ಕೊನೆಗೆ ಎಲ್ಲರೂ ಸುಮ್ಮನಿದ್ದು ಕೋಣೆಯ ಮೌನವನ್ನು ಒಂದು ನಿಮಿಷ ದಾಖಲಿಸಿ.

ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ಗಂಟೆಗೆ 45 ಜಿಬಿ. ಇಪ್ಪತ್ತು ಗಂಟೆಗೆ 900. ಎರಡು ಹಾರ್ಡ್‌ಡಿಸ್ಕ್ ಕೊಳ್ಳಿ, ಅವತ್ತವತ್ತೇ ಎರಡಕ್ಕೂ ಇಳಿಸಿ, ಎರಡನ್ನೂ ಒಂದೇ ಬ್ಯಾಗಿನಲ್ಲಿ ಒಯ್ಯಬೇಡಿ. ಎರಡರಲ್ಲೂ ತೆರೆದು ನೋಡುವ ತನಕ ಕಾರ್ಡ್ ಅಳಿಸಬೇಡಿ.

ಏನು ಕೇಳುವುದು

'ಆಗ ನಿಮಗೆ ಹೇಗನ್ನಿಸಿತು?' ಎಂದು ಕೇಳಿದರೆ ಉತ್ತರ 'ದುಃಖ ಆಯ್ತು'. ಅಲ್ಲಿಗೆ ಮುಗಿಯಿತು. ವಸ್ತು ಕೇಳಿ, ಕೆಲಸ ಕೇಳಿ, ದಾರಿ ಕೇಳಿ. ಅನ್ನಿಸಿದ್ದು ತಾನಾಗಿ ಬರುತ್ತದೆ.

ಮೊದಲ ಕೆಲಸವಾಗಿ ಒಂದು ದೊಡ್ಡ ಹಾಳೆ, ದಪ್ಪ ಪೆನ್ಸಿಲ್ ಕೊಟ್ಟು ಹುಟ್ಟಿದ ಮನೆ ಬರೆಯಿರಿ ಅನ್ನಿ. 'ನಂಗೆ ಬರೆಯೋಕೆ ಬರಲ್ಲ' ಅನ್ನುತ್ತಾರೆ. ಒಂದು ಚೌಕ ನೀವೇ ಹಾಕಿ, ಬಾಗಿಲು ಎಲ್ಲಿ ಅಂತ ಕೇಳಿ. ಬೆರಳು ಇಡುತ್ತಾರೆ. ಒಲೆ? ಅಲ್ಲಿ. ಯಾಕ್ ಎಲ್ಲಿ ಕಟ್ಟುತ್ತಿದ್ದದ್ದು? ಕೆಳಗೆ. ಅಷ್ಟರಲ್ಲಿ ಪೆನ್ಸಿಲ್ ಅವರ ಕೈಗೆ ಹೋಗಿರುತ್ತದೆ. ಸೈನಿಕರು ಬಂದಾಗ ಎಲ್ಲಿ ನಿಂತರು? ಹಾಳೆಯ ಆಚೆ, ನೆಲಹಾಸಿನ ಮೇಲೆ ಬೆರಳು ಊರುತ್ತಾರೆ. ಈ ಕೈಯನ್ನು ಹತ್ತಿರದಿಂದ ತೆಗೆಯಿರಿ, ಒಂದು ಕ್ಷಣವೂ ಬಿಡದೆ. ಅಲ್ಲಿಗೆ ಹೋಗಲಾಗದ ನಿಮಗೆ ಆ ಊರಿನ ದೃಶ್ಯ ಇದೇ. ಮಾತಿನ ಮೇಲೆ ಹೊದಿಸಲು ಬೇರೆ ಚಿತ್ರವೂ ಬೇಕಾಗುವುದಿಲ್ಲ. ಹಾಳೆಯನ್ನು ಅವರಿಗೇ ಬಿಟ್ಟು, ಫೋಟೊ ಮಾತ್ರ ತೆಗೆದುಕೊಳ್ಳಿ.

ಆಮೇಲೆ ಇಂಥವು:

- ಬೆಳಗ್ಗೆ ಎದ್ದು ಮೊದಲು ಹೊರಗೆ ಹೋಗ್ತಿದ್ದದ್ದು ಯಾರು? ಸೈನ್ಯ ಬಂದ ಮೇಲೂ ಅವರೇನಾ?
- ಚಹಾ, ಉಪ್ಪು, ಬೆಣ್ಣೆ ಎಲ್ಲಿಂದ ತರ್ತಿದ್ರಿ? ಯಾವ ವರ್ಷ ಯಾವುದು ಸಿಗದೇ ಹೋಯ್ತು?
- ತ್ಸಂಪಾ, ಅಂದ್ರೆ ಹುರಿದ ಬಾರ್ಲಿ ಹಿಟ್ಟು, ಮನೇಲಿ ಎಲ್ಲಿ ಇಡ್ತಿದ್ರಿ? ಆಮೇಲೆ ಜಾಗ ಬದಲಾಯಿಸಿದ್ರಾ?
- ಕೂಲಿ, ಸಾಮಾನಿಗೆ ಏನು ಕೊಡ್ತಿದ್ರು? ಚೀನಾದ ಬೆಳ್ಳಿ ನಾಣ್ಯ ನೋಡಿದ್ರಾ? ಕೈಯಲ್ಲಿ ಎಷ್ಟು ಭಾರ ಇತ್ತು?
- ರಸ್ತೆ ಕೆಲಸಕ್ಕೆ ಮನೆಯಿಂದ ಯಾರು ಹೋದ್ರು?
- ಮನೇಲಿ ಯಾವ ಮಾತನ್ನ ಮಕ್ಕಳ ಮುಂದೆ ಆಡೋದು ನಿಲ್ಲಿಸಿದ್ರು?
- ಹೊರಡೋ ರಾತ್ರಿ ಬಾಗಿಲಿಗೆ ಬೀಗ ಹಾಕಿದ್ರಾ? ಬೀಗದಕೈ ಏನಾಯ್ತು?

ನಾಣ್ಯದ ಪ್ರಶ್ನೆ ಬೆಳ್ಳಿಯ ಮೇಲಿನ ಆಸೆಗಲ್ಲ. 1950ರ ದಶಕದಲ್ಲಿ ಚೀನಾ ಸೇನೆ ಕೂಲಿಗೂ ಸಾಮಾನಿಗೂ ಬೆಳ್ಳಿ ನಾಣ್ಯ ಕೊಡುತ್ತಿತ್ತು. ಆ ಬೆಳ್ಳಿಯಿಂದ ಒಂದಷ್ಟು ಮನೆಗಳಿಗೆ ಒಳ್ಳೆಯದೂ ಆಯಿತು. ಪರಸೇನೆಯ ಕೆಳಗಿನ ಬದುಕೆಂದರೆ ಬರೀ ಹೊಡೆತವಲ್ಲ. ಅವರಿಂದ ಕೂಲಿ ಪಡೆದವರು, ಸಾಮಾನು ಮಾರಿದವರು, ಸೈನಿಕನ ಜೊತೆ ಪಗಡೆ ಆಡಿದ ಹುಡುಗರು ಎಲ್ಲರೂ ಅದರಲ್ಲಿದ್ದಾರೆ. ಇದನ್ನು ಹೇಳಲು ಜನ ಹಿಂಜರಿಯುತ್ತಾರೆ, ನೀವೂ ಕೇಳಲು ಹಿಂಜರಿದರೆ ಚಿತ್ರ ಭಾಷಣವಾಗುತ್ತದೆ.

ಇದೇ ಪ್ರಶ್ನೆಗಳು ಬೇರೆ ಕಡೆಗೂ ಒಗ್ಗುತ್ತವೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಹಿಡಿದಾಗ ಅಲ್ಲಿದ್ದು, ಅಮ್ಮಾನ್ ದಾರಿಯಾಗಿ ವಿಮಾನದಲ್ಲಿ ಬಂದ ಭಾರತೀಯರು 1 ಲಕ್ಷ 70 ಸಾವಿರಕ್ಕೂ ಹೆಚ್ಚು. ಅಂಥವರು ಮೈಸೂರಿನ ಬಡಾವಣೆಯಲ್ಲೇ ಸಿಕ್ಕರೆ 'ಟ್ಯಾಂಕ್ ನೋಡಿದ್ರಾ' ಎಂದು ಕೇಳಬೇಡಿ. ಇರಾಕ್ ಆಡಳಿತ ಕುವೈತಿನ ದಿನಾರನ್ನು ರದ್ದು ಮಾಡಿ ತನ್ನ ನೋಟು ತಂದಿತ್ತು. ಕೂಡಿಟ್ಟ ಸಂಬಳದ ನೋಟು ಏನಾಯಿತು, ರೊಟ್ಟಿ ಯಾವ ನೋಟಿಗೆ ಸಿಕ್ಕಿತು ಎಂದು ಕೇಳಿ. ಅಲ್ಲಿ ಹಾಳೆಯ ಮೇಲೆ ಮನೆ ಬರೆಸುವ ಬದಲು ಪಾಸ್‌ಪೋರ್ಟಿನ ಮುದ್ರೆಗಳ ಮೇಲೆ ಬೆರಳಾಡಿಸಲಿ.

ಧ್ವನಿ ಕಟ್ಟಿತು, ಉಸಿರು ಮೇಲಾಯಿತು ಅಂದರೆ ಮುಂದಿನ ಪ್ರಶ್ನೆ ಬೇಡ. ಕ್ಯಾಮೆರಾವನ್ನು ಮುಖಕ್ಕೆ ಹತ್ತಿರ ತರುವುದಂತೂ ಬೇಡವೇ ಬೇಡ. ದುಭಾಷಿ ಚಹಾ ತರಲಿ. ಕೊನೆಯ ಹತ್ತು ನಿಮಿಷ ಇಂದಿಗೆ ಕರೆತನ್ನಿ: ಈ ವರ್ಷದ ಮುಸುಕಿನ ಜೋಳ, ಮೊಮ್ಮಗಳ ಕಾಲೇಜು. ಸಾಮಾನು ಕಟ್ಟಿದ ಮೇಲೂ ಅರ್ಧ ಗಂಟೆ ಕೂತು ಬನ್ನಿ.

ಕಂಡದ್ದು, ಕೇಳಿದ್ದು, ಓದಿದ್ದು

ಅರವತ್ತು ವರ್ಷ ಒಂದೇ ಕ್ಯಾಂಪಿನಲ್ಲಿ ಒಟ್ಟಿಗಿದ್ದವರ ನೆನಪು ಒಂದರೊಳಗೊಂದು ಬೆರೆತಿರುತ್ತದೆ. ಪ್ರತಿ ಮಾರ್ಚ್ 10ರಂದು ಕೇಳಿದ ಕಥೆ ತನ್ನದೇ ಆಗಿಬಿಟ್ಟಿರುತ್ತದೆ. ಇದು ಸುಳ್ಳಲ್ಲ, ಆದರೆ ಚಿತ್ರಕ್ಕೆ ಲೆಕ್ಕ ಬೇಕು. ಅನುವಾದ ಬಂದ ಮೇಲೆ ಪ್ರತಿ ವಾಕ್ಯದ ಪಕ್ಕ ಮೂರರಲ್ಲೊಂದು ಗುರುತು ಹಾಕಿ: 'ಕಂ', 'ಕೇ', 'ಓ'. ಖಾಮಿನಿಂದ 1958ರಲ್ಲೇ ಹೊರಟವರು 1959ರ ಲಾಸಾದ ಬೀದಿಯನ್ನು ಕಣ್ಣಾರೆ ಕಂಡಂತೆ ಹೇಳಿದರೆ ಅದು 'ಕೇ'. ಎರಡನೇ ದಿನ ಮೆಲ್ಲಗೆ ಕೇಳಿ: ಆಗ ನೀವು ಯಾವ ಊರಲ್ಲಿದ್ರಿ, ಮೊ-ಲಾ? ಚಿತ್ರದಲ್ಲಿ ಅವರೇ ಕಂಡದ್ದನ್ನು ಹೇಳಲಿ. ಲಾಸಾ ಕಂಡವರನ್ನು ಬೇರೆ ಹುಡುಕಿ.

ಹಳೆಯ ಚಿತ್ರ ಬಳಸುವಾಗ

1950ರ ದಶಕದ ಟಿಬೆಟ್‌ನ ಚಲನಚಿತ್ರಗಳಲ್ಲಿ ಬಹಳಷ್ಟನ್ನು ತೆಗೆದವರು ಗೆದ್ದ ಕಡೆಯವರು. ಬಳಸಿದರೆ ಪರದೆಯ ಮೇಲೇ ಯಾರು, ಯಾವಾಗ ತೆಗೆದದ್ದು ಎಂದು ಬರೆಯಿರಿ. ಅಜ್ಜಿ ಲಿಥಾಂಗ್‌ನ ತಮ್ಮ ಊರಿನ ಬಗ್ಗೆ ಹೇಳುವಾಗ ಮೇಲೆ ಲಾಸಾದ ಬೀದಿ ಓಡಿಸುವುದು ಮೋಸ. ಅಲ್ಲಿನವರು ನೋಡಿದ ಕೂಡಲೇ ಹಿಡಿಯುತ್ತಾರೆ, ಆಮೇಲೆ ಉಳಿದದ್ದನ್ನೂ ನಂಬುವುದಿಲ್ಲ. ಭಾರತ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನ ಹಳೆಯ ಸುದ್ದಿಚಿತ್ರಗಳು ಈಗ ಎನ್‌ಎಫ್‌ಡಿಸಿ ವಶದಲ್ಲಿವೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1959ರ ಸುದ್ದಿಚಿತ್ರದ ಹಕ್ಕು 2019ರ ಕೊನೆಗೆ ಮುಗಿಯಿತು. ಆದರೆ ಒಳ್ಳೆಯ ಪ್ರತಿ ಇಟ್ಟುಕೊಂಡವರು ಪ್ರತಿಗೆ ಶುಲ್ಕ ಕೇಳುತ್ತಾರೆ, ಬೇರೆ ದೇಶದ ಕಾನೂನೂ ಬೇರೆ. ಹೋಲಿಸಿ ನೋಡಲು ಧರ್ಮಶಾಲಾದ ಟಿಬೆಟನ್ ಗ್ರಂಥಾಲಯದಲ್ಲಿ ಮೌಖಿಕ ಇತಿಹಾಸದ ಸಂಗ್ರಹವಿದೆ.

ಕಟ್ಟುವುದು, ಕನ್ನಡದ ಸಾಲು ಹಾಕುವುದು

ಇಸವಿಯ ಕ್ರಮದಲ್ಲಿ ಜೋಡಿಸಿದರೆ ಪಾಠವಾಗುತ್ತದೆ. ಒಂದು ದಿನದ ಕ್ರಮದಲ್ಲಿ ಜೋಡಿಸಿ ನೋಡಿ: ಬೆಳಗಿನ ಒಲೆ, ನೀರು, ಪೇಟೆ, ಸಂಜೆಯ ಬಾಗಿಲು, ರಾತ್ರಿಯ ಪಿಸುಮಾತು. ನಾಲ್ವರ ಮಾತು ತಾನಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಹಿನ್ನೆಲೆಗೆ ಮಠದ ಉದ್ದ ಕೊಂಬು ಬೇಡ, ಸವೆದಿದೆ. ಕ್ಯಾಂಪಿನ ಪ್ರೆಷರ್ ಕುಕ್ಕರ್, ಜೋಳ ಬಿಡಿಸುವ ಸದ್ದು, ಸೆರಾ ಮಠದ ಅಂಗಳದಲ್ಲಿ ತರ್ಕ ಮಾಡುವ ಸನ್ಯಾಸಿಗಳ ಚಪ್ಪಾಳೆ ಇವೆಯಲ್ಲ.

ಸಬ್‌ಟೈಟಲ್‌ನಲ್ಲಿ ಅಜ್ಜಿಗೆ ಗ್ರಾಂಥಿಕ ಕನ್ನಡ ತೊಡಿಸಬೇಡಿ. ತಮಾಷೆಗೆಂದು ಮಂಡ್ಯದ ಗಡಸು ಮಾತನ್ನೂ ಅಂಟಿಸಬೇಡಿ. ಮನೆಯಲ್ಲಿ ಹಿರಿಯರು ಆಡುವ ಸರಳ ಕನ್ನಡ ಸಾಕು. ಅವರು ಯಾರಿಗೆ ಗೌರವದ ರೂಪ ಬಳಸುತ್ತಾರೋ ಅಲ್ಲಿ ನಮ್ಮ ಬಹುವಚನ ಬರಲಿ. ಒಂದು ಸಾಲಿಗೆ ಐದಾರು ಪದ, ಹೆಚ್ಚೆಂದರೆ ಎರಡು ಸಾಲು, ಎರಡು ಸಾಲಿಗೆ ಕನಿಷ್ಠ ಐದು ಸೆಕೆಂಡ್. ಬೆರಳಚ್ಚು ಯೂನಿಕೋಡ್‌ನಲ್ಲೇ ಆಗಲಿ. ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಮಾಡಿಸಿದ ಕಡತವನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಪ್ರೀಮಿಯರ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ 'ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್' ಆಯ್ಕೆ ಮಾಡಿ ಮತ್ತೆ ತೆರೆಯಿರಿ. ನೋಟೊ ಸಾನ್ಸ್ ಕನ್ನಡ ಚೆನ್ನಾಗಿ ಕಾಣುತ್ತದೆ. ಎರಡು ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ.

ಚಿತ್ರಮಂದಿರದಲ್ಲಿ, ಸಾರ್ವಜನಿಕವಾಗಿ ತೋರಿಸಲು 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಅದರ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಅದಕ್ಕೂ ಮೊದಲು ಲ್ಯಾಪ್‌ಟಾಪ್ ಹಿಡಿದು ಪ್ರತಿಯೊಬ್ಬರ ಮನೆಗೆ ಹೋಗಿ ಅವರ ಭಾಗ ತೋರಿಸಿ, ಇನ್ನೊಮ್ಮೆ ಒಪ್ಪಿಗೆ ಕೇಳಿ. ಇಯರ್‌ಫೋನ್ ಬೇಡ, ಕಿವಿ ಮಂದವಾದವರಿಗೆ ಒಂದು ಸಣ್ಣ ಸ್ಪೀಕರ್ ಒಯ್ಯಿರಿ. ತೆಗೆಯಿರಿ ಅಂದದ್ದನ್ನು ಅವರ ಮುಂದೆಯೇ ತೆಗೆಯಿರಿ. ಪೆನ್‌ಡ್ರೈವ್‌ನಲ್ಲಿ ಕೊಡುವ ಪ್ರತಿ ಅವರ ಟಿವಿಯಲ್ಲಿ ಓಡುತ್ತದೆಯೇ ಎಂದು ಅಲ್ಲೇ ಹಾಕಿ ನೋಡಿ. ಹಳೆಯ ಟಿವಿಗಳಲ್ಲಿ ಎಚ್.265 ಫೈಲ್ ಓಡದು, ಎಚ್.264ನಲ್ಲಿ 1080 ಅಳತೆಗೆ ಒಂದು ಪ್ರತಿ ಮಾಡಿಕೊಂಡೇ ಹೋಗಿ.